ವಾರಾಂತ್ಯಕ್ಕೆ ಆಟಗಾರ, ವಾರವಿಡೀ ಮೇಷ್ಟ್ರು

ಏಪ್ರಿಲ್ ತಿಂಗಳ ಒಂದು ಶನಿವಾರ. ಜರ್ಮನಿಯ ಪಟ್ಟಣವೊಂದರ ಅಂಚಿನಲ್ಲಿ, ಫುಟ್‌ಬಾಲ್ ಅಂಗಣಗಳ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಬೇಸ್‌ಬಾಲ್ ಮೈದಾನ. ರಾತ್ರಿ ಮಳೆ ಸುರಿದಿದೆ. ಇಪ್ಪತ್ತಮೂರರ ಆಸುಪಾಸಿನ ಅಮೆರಿಕನ್ ಯುವಕನೊಬ್ಬ ಬಕೆಟ್ಟಿನಲ್ಲಿ ಒಣಮಣ್ಣು ಹೊತ್ತು ತಂದು, ಮೈದಾನದ ನಡುವಿನ ದಿಬ್ಬದ ಮೇಲೆ ಸುರಿದು, ತುಳಿದು ಸಮ ಮಾಡುತ್ತಿದ್ದಾನೆ. ಕ್ಲಬ್‌ನ ಅಧ್ಯಕ್ಷರೂ ಹತ್ತು ವರ್ಷದ ನಾಲ್ಕಾರು ಹುಡುಗರೂ ಕೈಜೋಡಿಸಿದ್ದಾರೆ. ಅತ್ತ ಆ ಹುಡುಗರ ತಾಯಂದಿರು ಸಾಸೇಜ್ ಸುಡಲು ಇದ್ದಿಲು ಹೊತ್ತಿಸಿದ್ದಾರೆ. ಅದನ್ನು ಮಾರಿ ಬಂದ ಹಣ ಕ್ಲಬ್‌ನ ಖರ್ಚಿಗೆ.

ಮಧ್ಯಾಹ್ನ ಅದೇ ಯುವಕ ಸಮವಸ್ತ್ರ ತೊಟ್ಟು ಅದೇ ದಿಬ್ಬ ಏರುತ್ತಾನೆ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಅವನ ಕೈಯಿಂದ ಹೊರಟ ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬಡಿದ ಸದ್ದು ಬೇಲಿಯಾಚೆಗೂ ಕೇಳುತ್ತದೆ. ಆ ಕ್ಯಾಚರ್ ಸೋಮವಾರ ಬ್ಯಾಂಕಿನ ಕೌಂಟರಿನಲ್ಲಿ ಕೂರಬೇಕಾದವನು. ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿ ನಿಂತವನು ಎಂಜಿನಿಯರಿಂಗ್ ವಿದ್ಯಾರ್ಥಿ. ನೋಡಲು ಬಂದವರು ಇನ್ನೂರು ಮುನ್ನೂರು ಮಂದಿ. ಹೆಚ್ಚುಕಡಿಮೆ ಎಲ್ಲರೂ ಒಬ್ಬರಿಗೊಬ್ಬರು ಪರಿಚಿತರು.

ನೆದರ್‌ಲೆಂಡ್ಸ್, ಇಟಲಿ, ಜರ್ಮನಿ, ಜೆಕ್ ಗಣರಾಜ್ಯ, ಆಸ್ಟ್ರಿಯಾ, ಫ್ರಾನ್ಸ್ ಮುಂತಾದ ಕಡೆ ಪ್ರತಿ ಬೇಸಿಗೆಯಲ್ಲೂ ಇಂಥ ಯುವಕರು ಕಾಣಸಿಗುತ್ತಾರೆ. ಬೇಸ್‌ಬಾಲ್ ಹುಟ್ಟಿ ಬೆಳೆದ ದೇಶವನ್ನು ಬಿಟ್ಟು, ಫುಟ್‌ಬಾಲನ್ನೇ ಉಸಿರಾಡುವ ಖಂಡಕ್ಕೆ ಇವರು ಬರುವುದೇಕೆ? ಇವರನ್ನು ಕರೆಸಿಕೊಳ್ಳುವ ಕ್ಲಬ್‌ಗಳಿಗೆ ನಿಜಕ್ಕೂ ಬೇಕಾಗಿರುವುದೇನು?

ದಿಬ್ಬದ ಮೇಲಿನವನೇ ಮುಖ್ಯ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಧ ಪರಿಚಿತ ಆಟ. ಒಂದೊಂದು ತಂಡದಲ್ಲಿ ಒಂಬತ್ತು ಮಂದಿ, ಒಟ್ಟು ಒಂಬತ್ತು ಇನಿಂಗ್ಸ್. ಚೆಂಡು ಎಸೆಯುವವನು ಪಿಚರ್. ಅವನು ಸುಮಾರು ಹದಿನೆಂಟೂವರೆ ಮೀಟರ್ ದೂರದಿಂದ, ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ಬ್ಯಾಟರ್ ಅದನ್ನು ಹೊಡೆದು ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್. ಬೀಸಿ ತಪ್ಪಿದರೂ ಹೊಡೆಯಬಹುದಾದ ಎಸೆತವನ್ನು ಬಿಟ್ಟರೂ ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಅವನು ಔಟ್. ಮೂವರು ಔಟಾದರೆ ಎದುರಾಳಿ ತಂಡದ ಸರದಿ.

ಕ್ರಿಕೆಟ್‌ನಲ್ಲಿ ಓವರ್ ಮುಗಿದ ಮೇಲೆ ಬೌಲರ್ ಬದಲಾಗಲೇಬೇಕು. ಬೇಸ್‌ಬಾಲ್‌ನಲ್ಲಿ ಅಂಥ ಕಟ್ಟುಪಾಡಿಲ್ಲ. ಒಬ್ಬ ಒಳ್ಳೆಯ ಪಿಚರ್ ಐದಾರು ಇನಿಂಗ್ಸ್‌ವರೆಗೆ ಒಬ್ಬನೇ ಎಸೆಯಬಹುದು, ಕೆಲವೊಮ್ಮೆ ಇಡೀ ಪಂದ್ಯವನ್ನೇ ಎಸೆದು ಮುಗಿಸಬಹುದು. ಉಳಿದ ಎಂಟು ಮಂದಿ ಸಾಧಾರಣ ಆಟಗಾರರಾಗಿದ್ದರೂ ದಿಬ್ಬದ ಮೇಲಿನವನು ಗಟ್ಟಿಗನಾದರೆ ತಂಡ ಗೆಲ್ಲುತ್ತದೆ. ಹಣದ ಕೊರತೆಯಿರುವ ಯುರೋಪಿನ ಕ್ಲಬ್ ಒಬ್ಬನೇ ಒಬ್ಬ ವಿದೇಶಿಯನ್ನು ಕರೆಸುವುದಾದರೆ ಸಾಮಾನ್ಯವಾಗಿ ಪಿಚರ್‌ನನ್ನೇ ಹುಡುಕುವುದು ಈ ಕಾರಣಕ್ಕೆ. ಮುಂದೆ ಬರುವ ತಕರಾರುಗಳಿಗೆಲ್ಲ ಮೂಲವೂ ಇದೇ.

ಅಮೆರಿಕದಲ್ಲಿ ಕಿರಿದಾದ ಬಾಗಿಲು

ಅಮೆರಿಕದ ಮೇಜರ್ ಲೀಗ್‌ನಲ್ಲಿ ಇರುವುದು ಮೂವತ್ತು ತಂಡಗಳು. 2025ರಲ್ಲಿ ಅಲ್ಲಿನ ಆಟಗಾರನ ವಾರ್ಷಿಕ ಕನಿಷ್ಠ ಸಂಬಳ 7,60,000 ಡಾಲರ್. ಅಲ್ಲಿಗೇರಲು ಹತ್ತಬೇಕಾದ ಮೆಟ್ಟಿಲುಗಳೇ ಮೈನರ್ ಲೀಗ್‌ಗಳು. ಆಟಗಾರರ ಸಂಘಟನೆ ಹೋರಾಡಿ 2023ರಲ್ಲಿ ಹೊಸ ಒಪ್ಪಂದ ಮಾಡಿಕೊಂಡ ಮೇಲೂ ಅಲ್ಲಿನ ಕೆಳಗಿನ ಹಂತದ ವಾರ್ಷಿಕ ಕನಿಷ್ಠ ವೇತನ 19,800 ಡಾಲರ್ ಮಾತ್ರ.

ಆ ಮೆಟ್ಟಿಲುಗಳಿಗೆ ಕಾಲಿಡುವುದೇ ಈಗ ಕಷ್ಟ. ಶಾಲಾ ಕಾಲೇಜುಗಳ ಪ್ರತಿಭೆಗಳನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್ ಮೊದಲು 40 ಸುತ್ತು ನಡೆಯುತ್ತಿತ್ತು. ಕೋವಿಡ್ ವರ್ಷವಾದ 2020ರಲ್ಲಿ ಅದು ಐದೇ ಸುತ್ತಿಗೆ ಇಳಿಯಿತು. 2021ರಿಂದ 20 ಸುತ್ತಿಗೆ ನಿಂತಿದೆ. ಅದೇ ವರ್ಷ ಮೇಜರ್ ಲೀಗ್ ತಂಡಗಳ ಆಶ್ರಯದಲ್ಲಿದ್ದ ಮೈನರ್ ಲೀಗ್ ತಂಡಗಳ ಸಂಖ್ಯೆಯನ್ನು 160ರಿಂದ 120ಕ್ಕೆ ಇಳಿಸಲಾಯಿತು.

ಇತ್ತ ಕಾಲೇಜು ಬೇಸ್‌ಬಾಲ್‌ನ ಮೊದಲ ದರ್ಜೆಯಲ್ಲೇ 300ರಷ್ಟು ತಂಡಗಳಿವೆ. ಪ್ರತಿ ಬೇಸಿಗೆಯಲ್ಲೂ ಸಾವಿರಾರು ಹುಡುಗರು ಪದವಿ ಮುಗಿಸಿ ಹೊರಬರುತ್ತಾರೆ. ಆರನೇ ವಯಸ್ಸಿನಿಂದ ಆಡುತ್ತ ಬಂದು, ಬೆಳಗ್ಗೆ ಸಂಜೆ ಮೈದಾನದಲ್ಲೇ ಬೆವರು ಸುರಿಸಿ, ಇಪ್ಪತ್ತೆರಡಕ್ಕೆ ಬರುವಾಗ ಕೈಯಲ್ಲಿ ಬಲವೂ ಇದೆ, ಆಡುವ ಹಂಬಲವೂ ಇದೆ, ಕರೆಯುವವರಿಲ್ಲ. ಯಾವ ತಂಡದ ಆಶ್ರಯವೂ ಇಲ್ಲದ ಸ್ವತಂತ್ರ ಲೀಗ್‌ಗಳು ಅವರಿಗಿರುವ ಒಂದು ದಾರಿ. ಇನ್ನೊಂದು ದಾರಿ ಸಾಗರದಾಚೆಗಿನದು.

ಯುದ್ಧ ಬಿಟ್ಟುಹೋದ ಆಟ

ಬೇಸ್‌ಬಾಲ್ ಯುರೋಪಿಗೆ ನೆನ್ನೆ ಮೊನ್ನೆ ಬಂದದ್ದಲ್ಲ. ಕ್ರೀಡಾಸಾಮಗ್ರಿಗಳ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ 1888-89ರಲ್ಲಿ ಅಮೆರಿಕದ ಆಟಗಾರರನ್ನು ಕಟ್ಟಿಕೊಂಡು ಲೋಕಪ್ರವಾಸ ಮಾಡಿದರು. ಆಸ್ಟ್ರೇಲಿಯಾ, ಸಿಲೋನ್, ಈಜಿಪ್ಟ್ ದಾಟಿ ರೋಮ್, ಪ್ಯಾರಿಸ್, ಲಂಡನ್‌ಗಳಲ್ಲಿ ಪಂದ್ಯಗಳನ್ನು ಆಡಿಸಿದರು. ನೆದರ್‌ಲೆಂಡ್ಸ್‌ಗೆ ಈ ಆಟವನ್ನು ತಂದವರು ಗ್ರಾಸೆ ಎಂಬ ಆಮ್‌ಸ್ಟರ್‌ಡ್ಯಾಮ್‌ನ ಇಂಗ್ಲಿಷ್ ಮೇಷ್ಟ್ರು. ಅಮೆರಿಕಕ್ಕೆ ಹೋದಾಗ ನೋಡಿದ ಆಟವನ್ನು ಊರಿಗೆ ಮರಳಿ ಕಲಿಸಿದರು. 1912ರಲ್ಲಿ ಅಲ್ಲಿ ಬೇಸ್‌ಬಾಲ್ ಸಂಘ ಸ್ಥಾಪನೆಯಾಯಿತು, 1922ರಲ್ಲಿ ಲೀಗ್ ಶುರುವಾಯಿತು.

ಇಟಲಿಯಲ್ಲಿ ಆಟ ಬೇರುಬಿಟ್ಟ ಕತೆ ಬೇರೆ. ರೋಮ್‌ನ ದಕ್ಷಿಣಕ್ಕಿರುವ ಕಡಲತಡಿಯ ಊರು ನೆಟ್ಟೂನೊ. 1944ರ ಜನವರಿ 22ರಂದು ಮಿತ್ರಪಡೆಗಳು ಇದೇ ಆಂಜಿಯೊ-ನೆಟ್ಟೂನೊ ತೀರಕ್ಕೆ ಬಂದಿಳಿದವು. ತಿಂಗಳುಗಟ್ಟಲೆ ಘೋರ ಕಾಳಗ ನಡೆಯಿತು. ಮಡಿದ ಅಮೆರಿಕನ್ನರಿಗಾಗಿ ನಿರ್ಮಿಸಿದ ಸಮಾಧಿಭೂಮಿಯಲ್ಲಿ ಇಂದು 7,800ಕ್ಕೂ ಹೆಚ್ಚು ಸಮಾಧಿಗಳಿವೆ. ಯುದ್ಧದ ನಂತರವೂ ಉಳಿದುಕೊಂಡ ಸೈನಿಕರು ಬಿಡುವಿನಲ್ಲಿ ಆಡುತ್ತಿದ್ದ ಆಟವನ್ನು ಊರಿನ ಹುಡುಗರು ನೋಡಿದರು, ಜೊತೆಗೆ ಆಡಿದರು, ಕೊನೆಗೆ ತಮ್ಮದಾಗಿಸಿಕೊಂಡರು. 1948ರಲ್ಲಿ ಇಟಲಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭವಾಯಿತು. ಅದನ್ನು ಮತ್ತೆ ಮತ್ತೆ ಗೆದ್ದ ಊರುಗಳಲ್ಲಿ ನೆಟ್ಟೂನೊ ಒಂದು. ಇಟಲಿ ಮೂಲದ ಅಮೆರಿಕನ್ ದಂತಕತೆ ಜೋ ಡಿಮ್ಯಾಜಿಯೊ 1957ರಲ್ಲಿ ಇಲ್ಲಿಗೆ ಬಂದು ಬ್ಯಾಟ್ ಹಿಡಿದದ್ದನ್ನು ಊರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ.

ಅದೇ ನೆಟ್ಟೂನೊಗೆ 1983ರಲ್ಲಿ ಲೆನ್ನಿ ರ‍್ಯಾಂಡಲ್ ಬಂದರು. ಹನ್ನೆರಡು ಋತು ಮೇಜರ್ ಲೀಗ್‌ನಲ್ಲಿ ಆಡಿ ಬಂದವರು ಅವರು. ಅಂಥ ಹಿನ್ನೆಲೆಯ ಅಮೆರಿಕನ್ ಇಟಲಿಯ ಲೀಗ್‌ನಲ್ಲಿ ಆಡಿದ್ದು ಅದೇ ಮೊದಲು. ರ‍್ಯಾಂಡಲ್ ಅವರ ಬ್ಯಾಟಿಂಗ್ ಸರಾಸರಿ .477, ಅಂದರೆ ಹೆಚ್ಚುಕಡಿಮೆ ಎರಡು ಸರದಿಗೆ ಒಂದು ಯಶಸ್ವಿ ಹೊಡೆತ. ಮೇಜರ್ ಲೀಗ್‌ನಲ್ಲಿ .300 ದಾಟಿದವರೇ ಶ್ರೇಷ್ಠರೆನಿಸಿಕೊಳ್ಳುತ್ತಾರೆ. ಆ ಋತುವಿನ ಬ್ಯಾಟಿಂಗ್ ಪ್ರಶಸ್ತಿ ಅವರಿಗೇ ಸಂದಿತು. ಅವರು ಇಟಾಲಿಯನ್ ಕಲಿತರು, ಮಕ್ಕಳಿಗೆ ಆಟ ಕಲಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಇಟಲಿಯ ನಂಟು ಅವರೊಂದಿಗಿತ್ತು.

ಒಪ್ಪಂದದಲ್ಲಿ ಏನೇನಿರುತ್ತದೆ

ಇಂದು ಬರುವವರಲ್ಲಿ ಹೆಚ್ಚಿನವರು ರ‍್ಯಾಂಡಲ್‌ರಂತೆ ಹೆಸರಾದವರಲ್ಲ. ಆಟಗಾರ ತನ್ನ ಅಂಕಿಅಂಶ, ವಿಡಿಯೊಗಳನ್ನು ಅಂತರ್ಜಾಲದಲ್ಲಿ ಇಡುತ್ತಾನೆ. ಕ್ಲಬ್‌ನವರು ನೋಡಿ, ಮಾತಾಡಿ, ಒಪ್ಪಂದ ಕಳಿಸುತ್ತಾರೆ. ಹಿಂದಿನ ವರ್ಷ ಆಡಿಹೋದವನೊಬ್ಬ ಗೆಳೆಯನ ಹೆಸರು ಹೇಳಿ ಕಳಿಸುವುದೂ ಉಂಟು.

ಒಪ್ಪಂದದಲ್ಲಿ ಸಾಮಾನ್ಯವಾಗಿ ವಿಮಾನದ ಟಿಕೆಟ್, ಇರಲು ಒಂದು ಕೋಣೆ, ಓಡಾಡಲು ಸೈಕಲ್ ಅಥವಾ ಹಳೆಯ ಕಾರು, ತಿಂಗಳ ಖರ್ಚಿಗೆ ಹಣ ಇರುತ್ತವೆ. ಸಣ್ಣ ಲೀಗ್‌ಗಳಲ್ಲಿ ಆ ಹಣ ಕೆಲವು ನೂರು ಯೂರೊ. ಇಟಲಿ, ನೆದರ್‌ಲೆಂಡ್ಸ್‌ಗಳ ದೊಡ್ಡ ಕ್ಲಬ್‌ಗಳಲ್ಲಿ ಹೆಚ್ಚು. ಇದರಲ್ಲಿ ಉಳಿತಾಯದ ಮಾತಿಲ್ಲ.

ಪಂದ್ಯಗಳು ಬಹುಮಟ್ಟಿಗೆ ವಾರಾಂತ್ಯಕ್ಕೆ ಮೀಸಲು. ಮೇಜರ್ ಲೀಗ್‌ನಲ್ಲಿ ಒಂದು ತಂಡ ಋತುವಿಗೆ 162 ಪಂದ್ಯ ಆಡಿದರೆ, ಇಲ್ಲಿ ಅದರ ಕಾಲುಭಾಗದಷ್ಟು ಸಿಕ್ಕಬಹುದು, ಅಷ್ಟೆ. ಹಾಗಾದರೆ ಉಳಿದ ದಿನ ಅವನಿಗೆ ಏನು ಕೆಲಸ? ಕರೆಸಿಕೊಂಡ ಕ್ಲಬ್‌ನ ನಿಜವಾದ ನಿರೀಕ್ಷೆ ತಿಳಿಯುವುದು ಆಗಲೇ. ಸೋಮವಾರ ಹತ್ತರೊಳಗಿನ ಮಕ್ಕಳಿಗೆ ಪಾಠ, ಮಂಗಳವಾರ ಹದಿಹರೆಯದವರಿಗೆ, ಬುಧವಾರ ಶಾಲೆಯೊಂದರಲ್ಲಿ ಪ್ರಾತ್ಯಕ್ಷಿಕೆ, ಗುರುವಾರ ದೊಡ್ಡವರ ತಂಡದ ಅಭ್ಯಾಸ. ನಡುವೆ ಹುಲ್ಲು ಕತ್ತರಿಸಬೇಕು, ದಿಬ್ಬ ಸರಿಮಾಡಬೇಕು. ಅಮೆರಿಕದಲ್ಲಿ ತಾನು ಕಲಿಯುವವನಾಗಿದ್ದವನು ಇಲ್ಲಿಗೆ ಬಂದ ವಾರದಲ್ಲೇ ಮೇಷ್ಟ್ರಾಗಿಬಿಡುತ್ತಾನೆ. ಅದೂ ತನ್ನ ಭಾಷೆ ಅಷ್ಟಾಗಿ ಬಾರದ ಮಕ್ಕಳಿಗೆ. ಬಾಯಿಮಾತು ಸೋತಲ್ಲಿ ಮಗುವಿನ ಮೊಣಕೈ ಹಿಡಿದು ತೋರಿಸಿ ಕಲಿಸುತ್ತಾನೆ.

ತೊಡಕುಗಳೂ ಇವೆ. ಷೆಂಗೆನ್ ವಲಯದಲ್ಲಿ ಅಮೆರಿಕನ್ನರು ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಋತು ಏಪ್ರಿಲ್‌ನಲ್ಲಿ ಶುರುವಾದರೆ ಮುಗಿಯುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಹಾಗಾಗಿ ವಾಸದ ಪರವಾನಗಿ ಬೇಕು. ಕಚೇರಿಯಿಂದ ಕಚೇರಿಗೆ ಅಲೆದು ಕಾಗದಪತ್ರ ಹೊಂದಿಸುವವರು ಸ್ವಯಂಸೇವಕರೇ. ಪಿಚರ್‌ನ ಭುಜ ಅಥವಾ ಮೊಣಕೈಗೆ ಪೆಟ್ಟಾದರೆ ಚಿಕಿತ್ಸೆಯ ಹೊಣೆ ಯಾರದು ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿರಬೇಕಾದ ಮಾತು. ಬರೆಯದೆ ಹೊರಟವರು ಪರದೇಶದಲ್ಲಿ ಕಷ್ಟಕ್ಕೆ ಸಿಲುಕುತ್ತಾರೆ.

ಒಂದು ಪಂದ್ಯ ಊರಿನ ಹುಡುಗರಿಗೆ

ಹೊರಗಿನವನು ಬಂದು ಗೆಲ್ಲಿಸಿಕೊಟ್ಟರೆ ಊರಿನ ಹುಡುಗ ಬೆಳೆಯುವುದು ಯಾವಾಗ? ಈ ತಕರಾರು 1890ರಷ್ಟು ಹಳೆಯದು. ಆ ವರ್ಷ ಬ್ರಿಟನ್‌ನಲ್ಲಿ ಆಸ್ಟನ್ ವಿಲ್ಲಾ, ಪ್ರೆಸ್ಟನ್, ಸ್ಟೋಕ್, ಡರ್ಬಿ ಫುಟ್‌ಬಾಲ್ ಕ್ಲಬ್‌ಗಳು ಸೇರಿ ಬೇಸ್‌ಬಾಲ್ ಲೀಗ್ ನಡೆಸಿದವು. ತರಬೇತಿಗೆ ಅಮೆರಿಕದಿಂದ ಆಟಗಾರರು ಬಂದರು. ಡರ್ಬಿಯ ಅಮೆರಿಕನ್ ಪಿಚರ್‌ನ ಎಸೆತಗಳ ಮುಂದೆ ಉಳಿದವರ ಆಟ ನಡೆಯದಾದಾಗ ದೂರುಗಳೆದ್ದವು. ಡರ್ಬಿ ಲೀಗನ್ನೇ ಬಿಟ್ಟು ಹೊರನಡೆಯಿತು, ಪ್ರಶಸ್ತಿ ಆಸ್ಟನ್ ವಿಲ್ಲಾಕ್ಕೆ ಹೋಯಿತು. ಆ ಲೀಗ್ ಉಳಿಯಲಿಲ್ಲ. ಆದರೆ ಡರ್ಬಿ ಕೌಂಟಿ ಫುಟ್‌ಬಾಲ್ ತಂಡ 1997ರವರೆಗೂ ತನ್ನ ಪಂದ್ಯಗಳನ್ನು ಆಡಿದ್ದು ಬೇಸ್‌ಬಾಲ್ ಗ್ರೌಂಡ್ ಎಂಬ ಹೆಸರಿನ ಕ್ರೀಡಾಂಗಣದಲ್ಲೇ.

ಇದು ನಮಗೆ ಅಪರಿಚಿತ ಸಮಸ್ಯೆಯೇನಲ್ಲ. 1995ರಲ್ಲಿ ಅನಿಲ್ ಕುಂಬ್ಳೆ ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನಲ್ಲಿ ನಾರ್ಥಾಂಪ್ಟನ್‌ಷೈರ್ ಪರ ಆಡಿ 105 ವಿಕೆಟ್ ಪಡೆದಾಗ, ಕೌಂಟಿಗೆ ಒಬ್ಬನೇ ವಿದೇಶಿ ಆಟಗಾರ ಎಂಬ ಮಿತಿ ಜಾರಿಯಲ್ಲಿತ್ತು. ಹೊರಗಿನ ಪ್ರತಿಭೆ ಬೇಕು, ಆದರೆ ಅದು ಒಳಗಿನವರ ಜಾಗ ನುಂಗಬಾರದು ಎಂಬುದೇ ಅಲ್ಲಿಯ ತರ್ಕ.

ಯುರೋಪಿನ ಬೇಸ್‌ಬಾಲ್ ಲೀಗ್‌ಗಳು ಇದಕ್ಕೆ ಕಂಡುಕೊಂಡ ಪರಿಹಾರ ಇನ್ನಷ್ಟು ಸೂಕ್ಷ್ಮವಾದದ್ದು. ಎಷ್ಟು ವಿದೇಶಿಯರು ಎಂಬ ಮಿತಿಯ ಜೊತೆಗೆ, ಯಾವ ಪಂದ್ಯದಲ್ಲಿ ಯಾರು ದಿಬ್ಬ ಏರಬಹುದು ಎಂಬುದನ್ನೂ ಅವು ನಿಗದಿ ಮಾಡಿವೆ. ವಾರಾಂತ್ಯದಲ್ಲಿ ಅವೇ ಎರಡು ತಂಡಗಳು ಎರಡೋ ಮೂರೋ ಪಂದ್ಯ ಆಡುವುದು ವಾಡಿಕೆ. ಜರ್ಮನಿ, ಇಟಲಿಗಳಲ್ಲಿ ಅವುಗಳ ಪೈಕಿ ಒಂದನ್ನು ಸ್ವದೇಶಿ ಪಿಚರ್‌ಗಳಿಗೆಂದೇ ಮೀಸಲಿಡುವ ಪದ್ಧತಿ ಬೆಳೆದುಬಂತು. ವಿವರಗಳು ಕಾಲಕಾಲಕ್ಕೆ ಬದಲಾಗಿವೆ, ಉದ್ದೇಶ ಬದಲಾಗಿಲ್ಲ. ಒಂದು ಪಂದ್ಯದಲ್ಲಿ ಅಮೆರಿಕನ್ ಎಸೆಯುತ್ತಾನೆ; ಊರಿನ ಬ್ಯಾಟರ್‌ಗಳು ವೇಗದ ಚೆಂಡನ್ನು ಎದುರಿಸಲು ಕಲಿಯುತ್ತಾರೆ. ಇನ್ನೊಂದರಲ್ಲಿ ಅವನು ಬೆಂಚಿನ ಮೇಲೆ ಕೂತು, ತಾನು ವಾರವಿಡೀ ಕಲಿಸಿದ ಹುಡುಗ ಎಸೆಯುವುದನ್ನು ನೋಡುತ್ತಾನೆ. ಇನಿಂಗ್ಸ್ ನಡುವೆ ಆ ಹುಡುಗನ ಬಳಿ ಹೋಗಿ ಮಾತಾಡುತ್ತಾನೆ.

ಈ ನಿಯಮವನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ. ಮೇಷ್ಟ್ರು ಉತ್ತರ ಬರೆದು ತೋರಿಸಬಹುದು, ಆದರೆ ಪರೀಕ್ಷೆಗೆ ಕೂರಬೇಕಾದವನು ಶಿಷ್ಯನೇ. ವಿದೇಶಿ ಆಟಗಾರ ಇಡೀ ಋತು ಗೆಲ್ಲಿಸಿ ವಿಮಾನ ಹತ್ತಿದರೆ ಕ್ಲಬ್‌ಗೆ ಉಳಿಯುವುದು ಒಂದು ಟ್ರೋಫಿ. ಶಿಷ್ಯರನ್ನು ದಿಬ್ಬ ಹತ್ತಿಸಿ ಹೋದರೆ ಉಳಿಯುವುದು ಆಟ.

ಕಲಿತವರು ಗೆದ್ದಾಗ

ಫಲ ಕಂಡದ್ದುಂಟೆ? ಉಂಟು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನೆದರ್‌ಲೆಂಡ್ಸ್ ತಂಡ ಕ್ಯೂಬಾವನ್ನು 4-2ರಿಂದ ಮಣಿಸಿತು. ಒಲಿಂಪಿಕ್ಸ್ ಬೇಸ್‌ಬಾಲ್‌ನಲ್ಲಿ ಅಲ್ಲಿಯವರೆಗೆ ಕ್ಯೂಬಾ ಸೋತದ್ದೇ ಇರಲಿಲ್ಲ. 2011ರಲ್ಲಿ ಪನಾಮಾದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲೂ ಅದೇ ಕ್ಯೂಬಾವನ್ನು 2-1ರಿಂದ ಸೋಲಿಸಿ ಕಪ್ ಎತ್ತಿತು. 1938ರ ಬ್ರಿಟನ್ ನಂತರ ಯುರೋಪಿನ ತಂಡಕ್ಕೆ ದಕ್ಕಿದ ಮೊದಲ ವಿಶ್ವಪಟ್ಟ ಅದು. ಡಚ್ ಬಲದ ದೊಡ್ಡ ಪಾಲು ಕೆರಿಬಿಯನ್ ದ್ವೀಪಗಳಾದ ಕ್ಯುರಸಾವೊ, ಅರುಬಾಗಳಿಂದ ಬಂದದ್ದು ಎಂಬುದನ್ನು ಮರೆಯುವಂತಿಲ್ಲ. ಅವು ಡಚ್ ರಾಜಪ್ರಭುತ್ವಕ್ಕೆ ಸೇರಿದ ನೆಲ, ಅಲ್ಲಿನವರೂ ಡಚ್ ಪ್ರಜೆಗಳು. ಹಾಗಿದ್ದೂ ಯುರೋಪಿನ ನೆಲದ ಲೀಗ್ ಗಟ್ಟಿಯಾಗಿರದಿದ್ದರೆ ಈ ಎತ್ತರ ಸಿಗುತ್ತಿರಲಿಲ್ಲ.

ಜರ್ಮನಿಯಲ್ಲಿ ಡ್ಯಾನ್ಯೂಬ್ ದಡದ ರೇಗನ್ಸ್‌ಬುರ್ಗ್ ನಗರದ ಕ್ಲಬ್ ತನ್ನದೇ ತರಬೇತಿ ಕೇಂದ್ರ ಕಟ್ಟಿತು. ಬರ್ಲಿನ್‌ನ ಬ್ಯಾಲೆ ಕಲಾವಿದ ದಂಪತಿಯ ಮಗ ಮ್ಯಾಕ್ಸ್ ಕೆಪ್ಲರ್ ಅಲ್ಲಿ ಪಳಗಿದವರು. 2009ರಲ್ಲಿ, ಹದಿನಾರರ ಹರೆಯದಲ್ಲಿ, ಮೇಜರ್ ಲೀಗ್‌ನ ಮಿನೆಸೋಟಾ ಟ್ವಿನ್ಸ್ ತಂಡ ಅವರೊಂದಿಗೆ 8,00,000 ಡಾಲರ್ ಒಪ್ಪಂದ ಮಾಡಿಕೊಂಡಿತು. 2019ರಲ್ಲಿ ಅವರು ಒಂದೇ ಋತುವಿನಲ್ಲಿ 36 ಹೋಮ್ ರನ್ ಹೊಡೆದರು. ಇಟಲಿಯಲ್ಲಿ ಹುಟ್ಟಿ ಬೆಳೆದ ಅಲೆಕ್ಸ್ ಲಿಡ್ಡಿ 2011ರಲ್ಲಿ ಮೇಜರ್ ಲೀಗ್ ಪ್ರವೇಶಿಸಿದರು.

ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಜೆಕ್ ತಂಡದ ಕತೆ. 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಆಡಿದ ಆ ತಂಡದ ವ್ಯವಸ್ಥಾಪಕ ಪಾವೆಲ್ ಹದಿಮ್ ವೃತ್ತಿಯಲ್ಲಿ ನರರೋಗ ತಜ್ಞ. ಆಟಗಾರರಲ್ಲಿ ಅಗ್ನಿಶಾಮಕ ದಳದವರಿದ್ದರು. ಎಲೆಕ್ಟ್ರಿಷಿಯನ್ ಆಗಿದ್ದ ಪಿಚರ್ ಒಂದ್ರೆಯ್ ಸಾಟೋರಿಯಾ, ಗಂಟೆಗೆ 130 ಕಿಲೋಮೀಟರ್ ಮುಟ್ಟದ ಎಸೆತಗಳನ್ನಿಟ್ಟುಕೊಂಡು ಟೋಕಿಯೊದಲ್ಲಿ ಜಪಾನಿನ ತಾರೆ ಶೋಹೈ ಒಹ್ತಾನಿಯನ್ನು ಮೂರು ಸ್ಟ್ರೈಕಿಗೆ ಔಟ್ ಮಾಡಿದರು. ಜಪಾನ್ ಎದುರು ಸೋತರೂ ಚೀನಾವನ್ನು 8-5ರಿಂದ ಗೆದ್ದರು. ಮೇಜರ್ ಲೀಗ್ ಅನುಭವಿ ಎರಿಕ್ ಸೊಗಾರ್ಡ್ ತಾಯಿಯ ಕಡೆಯ ಜೆಕ್ ನಂಟಿನಿಂದ ತಂಡ ಸೇರಿದ್ದರು. ಉಳಿದಂತೆ ಅದು ಬಹುಮಟ್ಟಿಗೆ ಜೆಕ್ ಲೀಗ್‌ನಲ್ಲೇ ಬೆಳೆದವರ ತಂಡ.

ಅಜ್ಜನ ಊರಿನ ಪಾಸ್‌ಪೋರ್ಟ್

ರಕ್ತಸಂಬಂಧದ ದಾರಿಯನ್ನು ಹೆಚ್ಚು ಬಳಸಿಕೊಂಡ ದೇಶ ಇಟಲಿ. ಅಜ್ಜ, ಮುತ್ತಜ್ಜ ಇಟಲಿಯಿಂದ ವಲಸೆ ಹೋದವರಾದರೆ ಮೊಮ್ಮಗ ಇಟಲಿಯ ಪೌರತ್ವ ಪಡೆಯಲು ಬಹುಕಾಲ ಅವಕಾಶವಿತ್ತು. ಪಾಸ್‌ಪೋರ್ಟ್ ಸಿಕ್ಕಿದರೆ ವೀಸಾದ ಗೋಜಿಲ್ಲ. 2025ರ ಕಾನೂನು ಈ ಹಕ್ಕನ್ನು ತಂದೆತಾಯಿ, ಅಜ್ಜ ಅಜ್ಜಿಯರ ತಲೆಮಾರಿಗೆ ಮಿತಿಗೊಳಿಸಿದೆ.

ಅಮೆರಿಕದ ಪಿಚರ್ ಜೇಸನ್ ಸಿಮೊಂಟಾಕಿ ಈ ದಾರಿಯಲ್ಲಿ ನಡೆದವರು. ಅಮೆರಿಕದಲ್ಲಿ ನೆಲೆ ಸಿಗದೆ ಇಟಲಿಯ ಲೀಗ್‌ನಲ್ಲಿ ಆಡಿ, ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇಟಲಿ ಪರ ಎಸೆದು, 2002ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ ಮೇಜರ್ ಲೀಗ್‌ಗೆ ಕಾಲಿಟ್ಟ ಮೊದಲ ಋತುವಿನಲ್ಲೇ 11 ಪಂದ್ಯ ಗೆದ್ದರು. ಈ ಹೆಸರು ಯುರೋಪಿಗೆ ಹೊರಟ ಎಷ್ಟೋ ಹುಡುಗರ ಮನಸ್ಸಿನಲ್ಲಿರುತ್ತದೆ. ಆದರೆ ಅಂಥವರು ಬೆರಳೆಣಿಕೆಯಷ್ಟು. ಯುರೋಪಿನ ಲೀಗನ್ನು ಮೇಜರ್ ಲೀಗ್‌ನ ಹಿಂಬಾಗಿಲೆಂದು ನಂಬಿ ಹೋಗುವವನು ನಿರಾಶನಾಗುತ್ತಾನೆ.

ಋತುವಿನ ಲೆಕ್ಕ

ಹಾಗಾದರೆ ಹೋದವನಿಗೆ ಸಿಕ್ಕಿದ್ದೇನು? ಬಹಳ ಮಂದಿಗೆ ಅದು ಆಟದ ಕೊನೆಯ ಋತು. ಡ್ರಾಫ್ಟ್‌ನ ದಿನ ಫೋನ್ ಬಾರದೆ ಮುಗಿದುಹೋಗಬೇಕಿದ್ದ ಆಟವನ್ನು, ತಾನೇ ಬೇಕೆಂದು ಕರೆದವರ ನಡುವೆ, ತನ್ನ ಹೆಸರು ಹಿಡಿದು ಕೂಗುವ ಮಕ್ಕಳ ಮುಂದೆ ಆಡಿ ಮುಗಿಸುವ ಅವಕಾಶ ಅದು. ಕೆಲವರು ಮರುವರ್ಷವೂ ಬರುತ್ತಾರೆ. ಕೆಲವರು ಅಲ್ಲೇ ಮದುವೆಯಾಗಿ, ಭಾಷೆ ಕಲಿತು, ಕೋಚ್ ಆಗಿ ನೆಲೆ ನಿಲ್ಲುತ್ತಾರೆ. ಊರಿಗೆ ಮರಳಿದವರಲ್ಲಿ ಎಷ್ಟೋ ಮಂದಿ ಶಾಲಾ ಕಾಲೇಜುಗಳಲ್ಲಿ ತರಬೇತುದಾರರಾಗುತ್ತಾರೆ. ಕಲಿಸುವುದನ್ನು ಅವರು ಕಲಿತದ್ದು ಯುರೋಪಿನಲ್ಲಿ.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಬೇಸ್‌ಬಾಲ್ ಮರಳುತ್ತಿದೆ, ಕ್ರಿಕೆಟ್ ಕೂಡ. ಬೇಸ್‌ಬಾಲ್‌ಗೆ ಇರುವುದು ಆರೇ ತಂಡಗಳ ಜಾಗ. ಅಲ್ಲಿಗೆ ತಲುಪುವ ಆತುರದಲ್ಲಿ ಸಿದ್ಧ ಆಟಗಾರರನ್ನು ಪಾಸ್‌ಪೋರ್ಟ್ ಕೊಟ್ಟು ತಂದು ನಿಲ್ಲಿಸುವ ಆಸೆ ಯಾವ ದೇಶಕ್ಕೂ ಬರಬಹುದು. ಒಂದು ಪಂದ್ಯಾವಳಿಗೆ ಆ ದಾರಿ ಸಾಕಾದೀತು, ಒಂದು ಆಟಕ್ಕೆ ಸಾಲದು. ಅಮೆರಿಕನ್ ಯುವಕನನ್ನು ಕರೆಸುವ ಕ್ಲಬ್ ಅವನಿಗೆ ಗೌರವದ ಒಪ್ಪಂದ, ವಿಮೆ, ನೆಟ್ಟಗಿನ ಕೋಣೆ ಕೊಡಲಿ. ಅವನಿಂದ ಗೆಲುವಿಗಿಂತ ಪಾಠವನ್ನು ಹೆಚ್ಚು ಕೇಳಲಿ. ಲೀಗ್‌ಗಳು ಊರಿನ ಪಿಚರ್‌ನ ಪಂದ್ಯವನ್ನು ಜೋಪಾನವಾಗಿ ಉಳಿಸಿಕೊಳ್ಳಲಿ. ಬಂದುಹೋದವನ ಋತು ಸಾರ್ಥಕವಾಯಿತೇ ಎಂಬುದನ್ನು ಆ ವರ್ಷದ ಅಂಕಪಟ್ಟಿ ಹೇಳಲಾರದು. ಹತ್ತು ವರ್ಷದ ನಂತರ ಆ ಕ್ಲಬ್ ವಿದೇಶಿ ಪಿಚರ್‌ನ ನೆರವಿಲ್ಲದೆ ಗೆಲ್ಲುವಂತಾದರೆ, ಅವನ ಸಂಬಳಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕೆಲಸವನ್ನು ಅವನು ಮಾಡಿದ್ದಾನೆ.